ಗೋಡೆ ದಾಟಿದ ಕೊಂಬೆ

ಮೇಸ್ತ್ರಿಯ ಹಿತ್ತಿಲಿಗೂ ಟೈಲರಮ್ಮನ ಹೊಲಿಗೆ ಕೋಣೆಗೂ ನಡುವೆ ಎದೆಯೆತ್ತರದ ಒಂದು ಗೋಡೆ. ಮಳೆಮರ ನಿಂತದ್ದು ಗೋಡೆಯ ಈಚೆ, ಮೇಸ್ತ್ರಿಯ ಜಾಗದಲ್ಲಿ. ಅದರ ಎಲ್ಲಕ್ಕಿಂತ ದಪ್ಪನೆಯ ಕೊಂಬೆ ಮಾತ್ರ ಆಚೆ ಹೋಗಿ, ಆ ಕೋಣೆಯ ಹೆಂಚಿನ ಮೇಲೆ ಮೈಚಾಚಿಕೊಂಡಿತ್ತು. ಮೇಸ್ತ್ರಿ ಬುಡದಲ್ಲಿ ಬೆಂಚು ಹಾಕಿಕೊಂಡು ಕಿಟಕಿ ಚೌಕಟ್ಟು, ಕುರ್ಚಿಯ ಕಾಲು ಮಾಡುತ್ತಿದ್ದ. ಆಚೆ ಅವಳ ಮಿಷನ್ನು ಓಡುತ್ತಿತ್ತು. ಇಬ್ಬರ ಮನೆಯಲ್ಲೂ ಇನ್ನೊಂದು ಜೀವ ಇರಲಿಲ್ಲ. ಮಿಷನ್ನು ನಿಂತರೆ, ಈಗ ಏನೋ ಕೇಳುತ್ತಾಳೆ ಎಂದು ಮೇಸ್ತ್ರಿಗೆ ಗೊತ್ತಾಗುತ್ತಿತ್ತು. "ಅಣ್ಣ, ಗಂಟೆ ಎಷ್ಟಾಯ್ತು?" ಗಡಿಯಾರ ಅವಳ ಕೋಣೆಯಲ್ಲೂ ಇತ್ತು. ಅದು ಅವನಿಗೂ ಗೊತ್ತಿತ್ತು.

ಐದು ವರ್ಷದ ಹಿಂದೆ ಒಣಗಿದ ರೆಂಬೆಯೊಂದು ಬಿದ್ದು ನಾಲ್ಕು ಹೆಂಚು ಒಡೆದವು. ಹೆಂಚನ್ನೇನೋ ಅವನೇ ಹತ್ತಿ ಹೊದಿಸಿಕೊಟ್ಟ. "ಆ ದೊಡ್ಡ ಕೊಂಬೆ ತೆಗೆಸಿಬಿಡಿ ಅಣ್ಣ, ಕೆಳಗೆ ಕೂರೋಕೆ ಭಯ ಆಗತ್ತೆ" ಎಂದಳು.

"ನಲವತ್ತು ವರ್ಷ ಮರದ ಜೊತೆ ಬಾಳಿದೀನಮ್ಮ. ನಿನಗೆ ದಾರ ಗೊತ್ತು, ನನಗೆ ಮರ ಗೊತ್ತು."

ಅವಳು ಇನ್ನೆರಡು ಸಲ ಕೇಳಿದಳು. ಅವನು ಇನ್ನೆರಡು ಸಲ ಅದೇ ಮಾತು ಹೇಳಿದ. ನಾಲ್ಕನೇ ಸಲ ಅವಳು ಕೇಳಲಿಲ್ಲ. ವಕೀಲರ ನೋಟಿಸು ಬಂತು, ಅದರ ಹಿಂದೆಯೇ ಕೇಸು. ಕಾಗದದಲ್ಲಿ ಅವನು ಅಣ್ಣನಾಗಿರಲಿಲ್ಲ, ಪ್ರತಿವಾದಿಯಾಗಿದ್ದ.

ಇಬ್ಬರ ವಕೀಲರೂ, ಮಾತಾಡಿಕೊಂಡವರ ಹಾಗೆ, ಒಂದೇ ಬುದ್ಧಿ ಹೇಳಿದರು: ಒಬ್ಬರಿಗೊಬ್ಬರು ಒಂದು ಮಾತೂ ಆಡಬೇಡಿ, ಏನಿದ್ದರೂ ಬರವಣಿಗೆಯಲ್ಲಿ. ಹಾಗಾಗಿ ಅವಳ ಮಾತು ಪೇಟೆಗೆ ಹೋಗಿ, ಟೈಪಾಗಿ, ರಿಜಿಸ್ಟರ್ಡ್ ಅಂಚೆಯಲ್ಲಿ ನಾಲ್ಕು ದಿನಕ್ಕೆ ಇವನಿಗೆ ಬರುತ್ತಿತ್ತು. ಇವನ ಉತ್ತರಕ್ಕೆ ಇನ್ನು ನಾಲ್ಕು ದಿನ.

"ಗೋಡೆ ಮೇಲಿಂದ ಎಸೆದಿದ್ರೆ ಆಗ್ತಿತ್ತು," ಎನ್ನುತ್ತಿದ್ದ ಅಂಚೆಯವನು, ಸಹಿಗೆ ಪುಸ್ತಕ ಚಾಚುತ್ತ. "ನಿಮ್ಮಿಬ್ಬರಿಂದ ನನ್ನ ಸೈಕಲ್ ಟೈರು ಸವೀತು."

"ನಿನಗೆ ಸಂಬಳ ಕೊಡಲ್ವೇನಯ್ಯ?"

"ಟೈರಿಗೆ ಕೊಡಲ್ಲ."

ಅಂಚೆಯವನು ಹೋದ ಮೇಲೆ ಮೇಸ್ತ್ರಿ ನೋಟಿಸನ್ನು ಎರಡು ಸಲ ಓದುತ್ತಿದ್ದ. ಅವನ ಹೆಸರಿಗೆ ಬೇರೆ ಯಾವ ಕಾಗದವೂ ಬರುತ್ತಿರಲಿಲ್ಲ.

ಕೋರ್ಟಿಗೆ ಕೊಟ್ಟ ಪ್ರಮಾಣಪತ್ರದಲ್ಲಿ ಮೇಸ್ತ್ರಿ, ಮರ ಗಟ್ಟಿಯಾಗಿದೆ, ಕಸುಬಿನವನಾಗಿ ಹೇಳುತ್ತಿದ್ದೇನೆ ಎಂದು ಸಹಿ ಹಾಕಿದ್ದ. ಸಹಿ ಹಾಕುವ ಹಿಂದಿನ ದಿನ, ಬುಡದ ಬೇರಿನ ಸಂದಿಯಲ್ಲಿ ಅಂಗೈಯಗಲದ ಅಣಬೆ ಎದ್ದಿದ್ದನ್ನು ಕಂಡಿದ್ದ. ಹಾಗೆ ಅಣಬೆ ಎದ್ದ ಮರದ ತಿರುಳು ಏನಾಗಿರುತ್ತದೆಂದು ಯಾರೂ ಅವನಿಗೆ ಹೇಳಿಕೊಡಬೇಕಿರಲಿಲ್ಲ. ಅವನು ಉಳಿ ತಂದು ಅದನ್ನು ಕೆರೆದು, ಮೇಲೆ ಮಣ್ಣು ಎಳೆದು, ಕೈ ತೊಳೆದುಕೊಂಡ. ಆಮೇಲೂ ವರ್ಷಕ್ಕೆರಡು ಸಲ ಕೆರೆದ.

ಕೇಸಿನ ನಾಲ್ಕನೇ ವರ್ಷದ ಬೇಸಿಗೆ. ಗಾಳಿಯ ಸುಳಿವಿಲ್ಲದ ಮಧ್ಯಾಹ್ನ. ಹಲಗೆಗೆ ಕೀಸುಳಿ ಹಿಡಿದಿದ್ದ ಮೇಸ್ತ್ರಿಗೆ ತಲೆಯ ಮೇಲೆ ಟಕ್ ಎಂದದ್ದು ಕೇಳಿತು. ಕೀಸುಳಿ ನಿಲ್ಲಿಸಿದ. ಆಚೆ ಮಿಷನ್ನು ಓಡುತ್ತಲೇ ಇತ್ತು. ಇನ್ನೊಂದು ಸಲ ಟಕ್ ಎಂದಿತು.

ಏಣಿ ಹಾಕಿ ಹತ್ತಿ ನೋಡಿದ. ದೊಡ್ಡ ಕೊಂಬೆ ಕಾಂಡಕ್ಕೆ ಸೇರುವಲ್ಲಿ ಹೊಸದಾಗಿ ಬಾಯಿಬಿಟ್ಟಿತ್ತು. ಒಳಗೆ ಬಿಳಿ, ಅದರೊಳಗೆ ಕಂದು ಪುಡಿ. ಹೆಬ್ಬೆರಳು ಹಾಕಿದ. ಪೂರ್ತಿ ಹೋಯಿತು.

ಕೆಳಗಿಳಿದವನೇ ವಕೀಲರಿಗೆ ಫೋನು ಮಾಡಿದ.

"ಯಾರ ಹತ್ರಾನೂ ಉಸಿರೆತ್ತಬೇಡಿ," ಎಂದರು ವಕೀಲರು. "ನೀವೇ ಅಪಾಯ ಅಂದ್ರೆ ನಾಲ್ಕು ವರ್ಷ ನೀರಲ್ಲಿ ಹೋಯ್ತು. ಇಡೀ ಮರ ಕಡಿಸ್ತಾರೆ, ಸುಳ್ಳು ಪ್ರಮಾಣ ಮಾಡಿದ್ರಿ ಅಂತ ನಿಮ್ಮ ಮೇಲೂ ಬರತ್ತೆ. ನಾನು ನಾಳೆ ಒಂದು ನೋಟಿಸು ಬರೆಸ್ತೀನಿ, ಯಾವ ಕಡೆಗೂ ತಾಗದ ಹಾಗೆ."

"ತಲುಪೋದು?"

"ನಾಲ್ಕು ದಿನ."

"ಕೊಂಬೆಗೆ ಅದು ಗೊತ್ತಿಲ್ವಲ್ಲ ಸಾರ್."

ಫೋನಿಟ್ಟು ಸ್ವಲ್ಪ ಹೊತ್ತು ಬೆಂಚಿನ ಮೇಲೆ ಕೂತ. ಮರ ಹೋದರೆ ಬೆಂಚಿಗೆ ನೆರಳಿಲ್ಲ. ಒಳಗೆ ಕತ್ತಲೆ ಕೋಣೆಯಲ್ಲಿ ಅವನು ಕೆಲಸ ಮಾಡಿದವನಲ್ಲ. ಗೋಡೆಯಾಚೆ ಮಿಷನ್ನು ಉದ್ದನೆಯ ಹೊಲಿಗೆಯೊಂದನ್ನು ಮುಗಿಸಿ ನಿಂತಿತು, ಮತ್ತೆ ಶುರುವಾಯಿತು. ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡು, ಬೀದಿ ಸುತ್ತಿ ಅವಳ ಬಾಗಿಲಿಗೆ ಹೋದ.

ಬಾಗಿಲು ಸರಪಳಿಯಷ್ಟು ತೆರೆಯಿತು. ಅವಳ ಕೂದಲು ಇಷ್ಟು ನರೆತದ್ದು ಅವನಿಗೆ ಗೊತ್ತಿರಲಿಲ್ಲ.

"ನೀವು ಇಲ್ಲಿಗೆ ಬರೋ ಹಾಗಿಲ್ಲ," ಎಂದಳು.

"ಕೊಂಬೆ ಸೀಳು ಬಿಟ್ಟಿದೆ. ಆ ಕೋಣೆಯಲ್ಲಿ ಕೂರಬೇಡ."

"ಗಟ್ಟಿಯಾಗಿದೆ ಅಂತ ಕೋರ್ಟಿಗೆ ಬರೆದುಕೊಟ್ಟಿದೀರಿ. ನನ್ನ ಹತ್ರ ಅದರ ನಕಲಿದೆ."

"ಬರೆದಿದ್ದು ಸುಳ್ಳು."

"ಯಾವುದು ಸುಳ್ಳು? ಅವತ್ತಿನದೋ ಇವತ್ತಿನದೋ? ಈಗ ನಾನು ಹೂಂ ಅಂದು ಎದ್ದುಬಿಟ್ರೆ, ಆ ಕೋಣೆ ಇವಳಿಗೆ ಬೇಕಾಗೇ ಇಲ್ಲ ಅಂತ ನಾಳೆ ಹೇಳ್ತೀರಿ. ನನಗೂ ವಕೀಲರಿದಾರೆ ಮೇಸ್ತ್ರಿಗಳೇ."

ಅಣ್ಣ ಎನ್ನಲಿಲ್ಲ. ಅದನ್ನು ಅವನು ನಿರೀಕ್ಷಿಸಿಯೂ ಇರಲಿಲ್ಲ.

"ಹಾಗಾದ್ರೆ ಏನು ಮಾಡ್ಲಿ?"

"ಬರೆದುಕೊಡಿ."

ಸರಪಳಿಯ ಸಂದಿಯಿಂದ ಅಳತೆ ಪುಸ್ತಕದ ಒಂದು ಹಾಳೆ, ಪೆನ್ನು ಹೊರಗೆ ಬಂದವು. ಹಾಳೆಯ ಹಿಂಬದಿಯಲ್ಲಿ ಯಾರದೋ ಎದೆ, ಸೊಂಟ, ತೋಳಿನ ಉದ್ದ. ಮೇಸ್ತ್ರಿ ಅದನ್ನು ಬಾಗಿಲಿಗೇ ಒತ್ತಿ ಹಿಡಿದು, ಹಲಗೆಗೆ ಗುರುತು ಹಾಕುವವನಂತೆ ನಿಧಾನವಾಗಿ ಬರೆದ: ಮರ ಟೊಳ್ಳಾಗಿದೆ. ನಾಲ್ಕು ವರ್ಷದ ಹಿಂದೆಯೇ ಅಣಬೆ ಕಂಡಿದ್ದೆ, ಕೆರೆದುಹಾಕಿದೆ. ಇವತ್ತು ಕೊಂಬೆ ಸೀಳಿದೆ. ಕೆಳಗೆ ಯಾರೂ ಕೂರಬಾರದು. ಸಹಿ ಹಾಕಿ, ದಿನಾಂಕ ಹಾಕಿ, ಒಳಗೆ ತೂರಿಸಿದ.

ಅವಳು ಸಂದಿಯಲ್ಲೇ ನಿಂತು ಓದಿದಳು, ಮತ್ತೊಮ್ಮೆ ಮೊದಲಿನಿಂದ ಓದಿದಳು.

"ಕೆರೆದ್ರಾ," ಎಂದಳು ಕೊನೆಗೆ. "ನಾನು ಕೆಳಗೆ ಕೂತಿದ್ದಾಗ."

ಆಮೇಲೆ ಒಳಗಿನಿಂದ ಕಬ್ಬಿಣದ ಕಾಲು ನೆಲಕ್ಕೆ ಉಜ್ಜುವ ಸದ್ದು, ಅವಳ ಏದುಸಿರು, ಮತ್ತೆ ಉಜ್ಜುವ ಸದ್ದು. ಹಳೆಯ ಮಿಷನ್ನು, ಒಬ್ಬರಿಂದ ಆಗುವ ಕೆಲಸವಲ್ಲ. ಅವನು ಮೆಟ್ಟಿಲ ಮೇಲೆ ನಿಂತೇ ಇದ್ದ. ಸರಪಳಿ ಕಳಚಿತು.

"ಆ ಕಡೆ ಹಿಡ್ಕೊಳ್ಳಿ. ಎತ್ತಿಟ್ಟು ಹೋಗಿಬಿಡಿ."

ಇಬ್ಬರೂ ಎತ್ತಿ ಬೀದಿ ಕಡೆಯ ಕೋಣೆಗೆ ತಂದಿಟ್ಟರು. ಅಲ್ಲಿ ಒಂದು ಮಂಚ, ಒಂದು ತಟ್ಟೆ, ಒಂದು ಲೋಟ. ಅವನ ಮನೆಯಲ್ಲಿದ್ದಷ್ಟೇ. ಅವನು ಕೈ ಒರೆಸಿಕೊಂಡು ಹೊರಟುಬಂದ.

ಮರುದಿನವೇ ಮರ ಕಡಿಯುವವರನ್ನು ಅವನೇ ಕರೆಸಿದ. ಅವರು ಕೊಂಬೆಗೆ ಹಗ್ಗ ಬಿಗಿದು ತುಂಡು ತುಂಡಾಗಿ ಇಳಿಸಿದರು. ಒಂದು ಹೆಂಚೂ ಒಡೆಯಲಿಲ್ಲ. ಬುಡ ಬೀಳಿಸಿದಾಗ ನಡುವೆ ಒಬ್ಬ ಆಳು ಕೂರುವಷ್ಟು ಪೊಳ್ಳಿತ್ತು. ಕಡಿಯುವವನು ಬಗ್ಗಿ ನೋಡಿ, "ಇಷ್ಟು ದಿನ ಯಾವ ಧೈರ್ಯದ ಮೇಲೆ ನಿಂತಿತ್ತೋ," ಎಂದ.

ಕೋರ್ಟಿನ ವಾಯಿದೆಯ ದಿನ ಆ ಹಾಳೆಯನ್ನು ಅವಳ ವಕೀಲರು ನ್ಯಾಯಾಧೀಶರಿಗೆ ಕೊಟ್ಟರು. ಅವರು ಓದಿದರು, ಹಿಂಬದಿಯ ಅಳತೆಗಳನ್ನೂ ಓದಿದರು. ಸುಳ್ಳು ಪ್ರಮಾಣಕ್ಕೆ ಮೇಸ್ತ್ರಿಗೆ ಛೀಮಾರಿ ಹಾಕಿ, ಮರವೇ ಇಲ್ಲವೆಂದ ಮೇಲೆ ಕೇಸೂ ಇಲ್ಲ ಎಂದರು. ಎಲ್ಲ ಸೇರಿ ಹತ್ತು ನಿಮಿಷ.

ಬಸ್ಸು ನಿಲ್ದಾಣದಲ್ಲಿ ಇಬ್ಬರೇ ಇದ್ದರು. ಅವಳೇ ಮೊದಲು ಬಾಯಿಬಿಟ್ಟಳು.

"ಇನ್ನು ಮಾತಾಡಬಹುದಂತೆ. ವಕೀಲರು ಅಂದ್ರು."

"ಹೂಂ. ನಮ್ಮವರೂ ಅಂದ್ರು."

ಒಂದು ಲಾರಿ ಹೋಯಿತು. ಮೇಸ್ತ್ರಿ ಹೇಳಬೇಕಾದ ಮಾತನ್ನು ಹುಡುಕಿದ. ಅಣಬೆಯದು ಬಿಟ್ಟು ಬೇರೇನೂ ಸಿಗಲಿಲ್ಲ, ಅದನ್ನು ಬರೆದು ಕೊಟ್ಟಾಗಿತ್ತು.

"ನಿಮ್ಮ ಕಡೆ ಬಿಸಿಲು ಬೀಳತ್ತಾ ಈಗ?" ಅವಳು ಕೇಳಿದಳು.

"ಬೀಳತ್ತೆ. ಬೆಂಚು ಒಳಗಿಟ್ಟೆ."

"ಹೌದಾ."

ಬಸ್ಸು ಬಂತು. ಅವಳು ಮುಂದೆ ಹತ್ತಿ, ಕಿಟಕಿ ಪಕ್ಕ ಕೂತು, ಚೀಲವನ್ನು ಪಕ್ಕದ ಸೀಟಿನ ಮೇಲಿಟ್ಟಳು. ಅವನು ಅಲ್ಲಿ ಒಂದು ಗಳಿಗೆ ಕಂಬಿ ಹಿಡಿದು ನಿಂತ. ಅವಳು ಹೊರಗೆ ನೋಡುತ್ತಿದ್ದಳು. ಬಸ್ಸು ಹೊರಟ ಜರ್ಕಿಗೆ ಅವನು ಎರಡು ಹೆಜ್ಜೆ ಹಿಂದೆ ಹೋದ, ಮತ್ತೆ ಹಾಗೇ ನಡೆದು ಕೊನೆಯ ಸೀಟಿನಲ್ಲಿ ಕೂತ.