ಸರಿತಾ ಆರಿಸಿಕೊಂಡ ವಾಲ್ವ್

ಮದುವೆಯಾಗಿ ಶಹಾಪುರಕ್ಕೆ ಬಂದ ಸರಿತಾಳಿಗೆ ಮೈಗಳ್ಳಿ ಎಂಬ ಹೆಸರು ಬರಲು ಬಹಳ ದಿನ ಹಿಡಿಯಲಿಲ್ಲ. ಅತ್ತೆ ಸಾಯಬಮ್ಮ ಮೀನು ಮಾರುವವಳು. ಮಗ ಮರಿಲಿಂಗ ಕೃಷ್ಣೆಯ ದಂಡೆಯಿಂದ ತನ್ನ ಗೂಡ್ಸ್ ಗಾಡಿಯಲ್ಲಿ ಮೀನು ತಂದು ಇಳಿಸಿದನೆಂದರೆ ಮಧ್ಯಾಹ್ನದವರೆಗೆ ಅವಳಿಗೆ ತಲೆ ಎತ್ತಲು ಪುರುಸೊತ್ತಿಲ್ಲ. ಸೊಸೆಯೋ, ಒಂದು ಕೊಡ ನೀರು ತರುವಷ್ಟರಲ್ಲಿ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಸಾಯಬಮ್ಮ ಬೈಯುವವಳಲ್ಲ, ಆದರೆ ಓಣಿಯವರ ಮುಂದೆ ಮುಚ್ಚಿಡುವವಳೂ ಅಲ್ಲ.

"ತವರ ಮನ್ಯಾಗ ನೀರು ತಾನ ನಡಕೊಂಡು ಬರತಿತ್ತೇನೋ," ಎಂದು ಕೊಡ ತಾನೇ ಎತ್ತಿಕೊಳ್ಳುತ್ತಿದ್ದಳು.

ತಾನು ಮೈಗಳ್ಳಿಯೇ ಇರಬಹುದೆಂದು ಸರಿತಾಳಿಗೂ ಅನಿಸತೊಡಗಿತ್ತು. ತವರೂರು ಸುರಪುರದಲ್ಲಿದ್ದಾಗಲೂ ಏರು ಹತ್ತಿದರೆ ಎದೆ ಹೊಡೆದುಕೊಳ್ಳುತ್ತಿತ್ತು. ಎಲ್ಲರಿಗೂ ಹಾಗೇ ಆಗುತ್ತದೆಂದು ತಿಳಿದಿದ್ದಳು. ಪಕ್ಕದ ಮನೆಯ ಮಕ್ತುಂಬಿ ಮಾತ್ರ ಸಾಯಬಮ್ಮನ ಕಿವಿಯಲ್ಲಿ, "ಸಿಹಿ ಸುದ್ದಿ ಇರಬೇಕು ನೋಡಕ್ಕ," ಎಂದು ಹೇಳಿ ಹೋಗಿದ್ದಳು. ಅಂದಿನಿಂದ ಸಾಯಬಮ್ಮ ಕೊಡದ ಮಾತು ನಿಲ್ಲಿಸಿದ್ದಳು.

ಒಂದು ರವಿವಾರ ಮೀನಿನ ಬಜಾರಿನಲ್ಲಿ ಗಿರಾಕಿಗಳ ದಂಡೇ ಇತ್ತು. ಸರಿತಾ ಅತ್ತೆಯ ಪಕ್ಕದಲ್ಲಿ ಕೂತು ಮೀನಿನ ಹುರುಪೆ ಕೆರೆಯುತ್ತಿದ್ದಳು. ಮೊದಲು ಕೆಮ್ಮು ಬಂತು. ಆಮೇಲೆ ಉಸಿರು ಒಳಗೆ ಹೋಗಲೊಲ್ಲದು. ಸೆರಗಿನಿಂದ ಬಾಯಿ ಒರೆಸಿಕೊಂಡರೆ ಗುಲಾಬಿ ಬಣ್ಣದ ನೊರೆ. ಸಾಯಬಮ್ಮ ಕೈಯಲ್ಲಿದ್ದ ಮೀನನ್ನು ಗಿರಾಕಿಯ ಮುಂದೆಯೇ ಬಿಟ್ಟೆದ್ದಳು. ಮರಿಲಿಂಗ ಹೆಂಡತಿಯನ್ನು ಎತ್ತಿ ಗಾಡಿಯಲ್ಲಿ ಮಲಗಿಸಲು ಹೋದರೆ ಅವಳು ಮಲಗಲಾರದೆ ಅವನ ಅಂಗಿ ಹಿಡಿದು ಎದ್ದೆದ್ದು ಕೂತಳು.

"ಮಲಗಿಸಬ್ಯಾಡೋ, ನನಗ ಆನಿಸಿ ಕೂಡಿಸು," ಎಂದಳು ಸಾಯಬಮ್ಮ. ಖಾಲಿ ಮೀನಿನ ಡಬ್ಬಿಗಳ ನಡುವೆ, ಅತ್ತೆಯ ಎದೆಗೆ ಬೆನ್ನು ಕೊಟ್ಟು, ಸರಿತಾ ಆಸ್ಪತ್ರೆ ಸೇರಿದಳು.

ಆಕ್ಸಿಜನ್ ಹಾಕಿ, ಶ್ವಾಸಕೋಶದಲ್ಲಿ ತುಂಬಿದ ನೀರು ಇಳಿಸುವ ಇಂಜೆಕ್ಷನ್ ಕೊಟ್ಟ ಮೇಲೆ ಅವಳಿಗೆ ಮಾತಾಡುವಷ್ಟು ಉಸಿರು ಬಂತು. ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ. ಸಣ್ಣವಳಿದ್ದಾಗ ಜ್ವರ ಬಂದು ಕೀಲು ಬಾತಿದ್ದವೇ?

"ಹೌದ್ರಿ. ತಿಂಗಳಿಗೊಂದು ಸೂಜಿ ಮಾಡಸ್ತಿದ್ರು. ಆಮ್ಯಾಲೆ ಬಿಟ್ರು."

ಬಸಿರೂ ಅಲ್ಲ, ಮೈಗಳ್ಳತನವೂ ಅಲ್ಲ; ಆ ಜ್ವರವೇ ಹೃದಯದ ಒಂದು ಕವಾಟವನ್ನು ವರ್ಷಗಟ್ಟಲೆ ತಿನ್ನುತ್ತ ಬಂದಿತ್ತು. ಅಲ್ಲಿಂದ ಅವಳನ್ನು ಕಲಬುರಗಿಯ ದೊಡ್ಡ ಆಸ್ಪತ್ರೆಗೆ ಕಳಿಸಿದರು.

ಅಪ್ಪ ಅಂಬಣ್ಣ ಸುರಪುರದಿಂದ ಬಂದು ವಾರ್ಡಿನ ಬಾಗಿಲಲ್ಲಿ ನಿಂತ. ಒಳಗೆ ಬರಲಿಲ್ಲ. ಹೊರಗೆ ಸಾಯಬಮ್ಮನ ಅಣ್ಣ ಮಾನಪ್ಪ ಅವನನ್ನು ಕೇಳುವುದು ಸರಿತಾಳಿಗೆ ಸ್ಪಷ್ಟವಾಗಿ ಕೇಳಿಸಿತು.

"ಇದು ನಿಮಗ ಗೊತ್ತಿತ್ತೇನ್ರಿ ಬೀಗರ?"

"ಮೊಣಕಾಲು ಬಾವು ಇಳೀತ್ರಿ. ಹುಡುಗಿ ಓಡ್ಯಾಡಾಕತ್ತಿದ್ಳು. ಇನ್ನ ಸೂಜಿ ಯಾಕಂತ ನಾನ ಬಿಡಿಸಿದೆ. ಅದು ಎದಿಗೆ ಹೋಗತದಂತ ಯಾರಿಗೆ ಗೊತ್ತು?"

"ಹಂಗಾದ್ರ ನೀವ ಕರಕೊಂಡು ಹೋಗ್ರಿ. ಆರಾಮಾದ ಮ್ಯಾಲೆ ನೋಡೋಣು."

ಸರಿತಾ ಕಾಯುತ್ತಿದ್ದುದು ಗಂಡನ ದನಿಗೆ. ಬಂದದ್ದು ಅತ್ತೆಯದು.

"ತವರಿಗೆ ಹೋದ್ರ ಉಸಿರು ಬರತದೇನು ಅಣ್ಣ? ಸುಮ್ನ ಕೂಡು."

ಆಪರೇಷನ್ನಿಗೆ ಮುಂಚೆ ಡಾಕ್ಟರ್ ಸರೋಜಾ ಎಲ್ಲರನ್ನೂ ಕೂಡಿಸಿಕೊಂಡು ಹೇಳಿದರು. ಕೆಟ್ಟ ಕವಾಟದ ಬದಲು ಹಾಕುವ ವಾಲ್ವ್‌ನಲ್ಲಿ ಎರಡು ಬಗೆ. ಲೋಹದ್ದು ಬಹುಕಾಲ ಬಾಳುತ್ತದೆ, ಆದರೆ ರಕ್ತ ತೆಳುವಾಗಿಡುವ ಗುಳಿಗೆಯನ್ನು ಬದುಕಿರುವ ತನಕ ನುಂಗಬೇಕು; ಆ ಗುಳಿಗೆ ಇದ್ದಾಗ ಬಸಿರು ಸುಲಭವಲ್ಲ. ಇನ್ನೊಂದು ಪ್ರಾಣಿಯ ಅಂಗಾಂಶದ್ದು. ಬಸಿರಿಗೆ ಅದು ಮೇಲು, ಆದರೆ ಚಿಕ್ಕ ವಯಸ್ಸಿನವರಲ್ಲಿ ಬೇಗ ಸವೆಯುತ್ತದೆ.

"ಎರಡನೇದು ಹಾಕ್ರಿ," ಎಂದ ಮಾನಪ್ಪ, ಅಂಗಡಿಯಲ್ಲಿ ಸಾಮಾನು ಕೇಳಿದಂತೆ. ಅಂಬಣ್ಣನೂ ತಲೆಯಾಡಿಸಿದ.

ಸರಿತಾ ಕೇಳಿದಳು. "ಸವೆದ್ರ ಮತ್ತ ಎದಿ ಕೊಯ್ಯಬೇಕೇನ್ರಿ ಮೇಡಂ?"

"ಹೌದಮ್ಮ, ಬಹುಶಃ."

"ಆಗ ಮಗು ಸಣ್ಣದಿರತದ," ಎಂದಳು ಸರಿತಾ. ಅವಳ ದನಿಯಲ್ಲಿ ನಡುಕವಿರಲಿಲ್ಲ. ಅದು ಅವಳಿಗೇ ವಿಚಿತ್ರವೆನಿಸಿತು. "ಒಂದ ಸಲ ಕೊಯ್ಯಿಸಿಕೊಂತೀನ್ರಿ. ಲೋಹದ್ದ ಹಾಕ್ರಿ."

ಮಾನಪ್ಪ ಸೋದರಳಿಯನ ಮುಖ ನೋಡಿದ. ಮರಿಲಿಂಗ ಚಪ್ಪಲಿ ನೋಡುತ್ತ ಕೂತಿದ್ದವನು ಎದ್ದು ನಿಂತ. ಮದುವೆಯಾದಾಗಿನಿಂದ ಅವನು ಇಷ್ಟು ಜನರ ಮುಂದೆ ಹೆಂಡತಿಯ ಹೆಸರೆತ್ತಿ ಮಾತಾಡಿರಲಿಲ್ಲ.

"ಸರಿತಾ ಹೇಳಿದ್ದ ಹಾಕ್ರಿ. ಎಲ್ಲಿ ಸಹಿ ಮಾಡ್ಲಿ?"

ಆಪರೇಷನ್ ಸುಸೂತ್ರವಾಗಿ ಆಯಿತು. ಎಚ್ಚರವಾದಾಗ ಗಂಟಲಲ್ಲಿ ನಳಿಕೆಯಿತ್ತು, ಎದೆಯ ಮೇಲೆ ಯಾರೋ ಕಲ್ಲು ಹೇರಿದಂತಿತ್ತು. ನಳಿಕೆ ತೆಗೆದ ಮೇಲೆ, ಕಫ ನಿಲ್ಲದಂತೆ ಕೆಮ್ಮಬೇಕೆಂದು ನರ್ಸಮ್ಮ ಗದರಿಸುತ್ತಿದ್ದರು; ಕೆಮ್ಮಿದರೆ ಕಣ್ಣಲ್ಲಿ ನೀರು. ದಿಂಬನ್ನು ಎದೆಗೆ ಒತ್ತಿ ಹಿಡಿದು ಕೆಮ್ಮುವುದನ್ನು ಕಲಿತಳು. ಮೊದಲ ಸಲ ವರಾಂಡದಲ್ಲಿ ನಡೆದಾಗ ಕಾಲು ಸೋತವು, ಉಸಿರು ಸೋಲಲಿಲ್ಲ. ಅದು ಅವಳಿಗೆ ಹೊಸತು. ಬೇರೆಯವರ ಮೈಯಲ್ಲಿ ನಡೆಯುತ್ತಿದ್ದೇನೆ ಅನಿಸಿತು.

ಮನೆಗೆ ಬಂದ ಮೇಲೆ ಅಂಬಣ್ಣ ವಾರಕ್ಕೊಮ್ಮೆ ಬರುತ್ತಿದ್ದ. ಮಗಳೆದುರು ಕೂತು, ಮಾತಾಡದೆ, ಚಹಾ ಕುಡಿದು ಹೋಗುತ್ತಿದ್ದ. ಒಂದು ದಿನ ಸರಿತಾಳೇ ಅಂದಳು, "ಯಪ್ಪ, ಬಂದ್ರ ಏನರ ಮಾತಾಡು. ಇಲ್ಲಂದ್ರ ಬರಬ್ಯಾಡ." ಮುಂದಿನ ವಾರ ಬಂದವನು ಸುರಪುರದ ಸುದ್ದಿಯನ್ನೆಲ್ಲ ಒಂದೂ ಬಿಡದೆ ಹೇಳಿದ.

ಬಜಾರಿಗೂ ಹೋಗತೊಡಗಿದಳು. ಕೈ ಕೊಯ್ದುಕೊಂಡರೆ ರಕ್ತ ಬೇಗ ನಿಲ್ಲುವುದಿಲ್ಲವೆಂದು ಸಾಯಬಮ್ಮ ಅವಳಿಗೆ ಚೂರಿ ಮುಟ್ಟಗೊಡುವುದಿಲ್ಲ. ತೂಕ ಮತ್ತು ಚೌಕಾಸಿ ಸೊಸೆಯ ಪಾಲಿಗೆ ಬಂದವು. ಚೌಕಾಸಿಯಲ್ಲಿ ಅವಳು ಅತ್ತೆಗಿಂತ ಬಿರುಸು ಎಂದು ಗಿರಾಕಿಗಳು ಗೊಣಗುತ್ತಾರೆ.

ಗುಳಿಗೆಯ ಸಲುವಾಗಿ ಆಗಾಗ ಮಾಡಿಸಬೇಕಾದ ರಕ್ತ ತಪಾಸಣೆಗೆ ಗಂಡ ಹೆಂಡತಿ ಯಾದಗಿರಿಗೆ ಹೋಗುತ್ತಾರೆ. ಹೋದ ಸಲ ಅಲ್ಲಿನ ಡಾಕ್ಟರು, ಮಗು ಬೇಕೆನಿಸಿದರೆ ಮೊದಲೇ ಬಂದು ಕೇಳಿ, ದಾರಿ ಇದೆ, ಅಪಾಯವೂ ಇದೆ ಎಂದಿದ್ದರು. ಬರುವಾಗ ಭೀಮಾ ನದಿ ದಾಟಿದ ಮೇಲೆ ಮರಿಲಿಂಗ ಕೇಳಿದ.

"ನಿನಗ ಬೇಕನಸ್ತದೇನು?"

"ಈಗ ಇಲ್ಲ," ಎಂದಳು ಸರಿತಾ. "ಮುಂದ ಅನಿಸಿದ್ರ ಹೇಳತೀನಿ. ನಿಮಗ?"

ಅವನು ಎದುರು ಬಂದ ಹತ್ತಿಯ ಲಾರಿಗೆ ದಾರಿ ಬಿಟ್ಟುಕೊಟ್ಟು, ಗಾಡಿಯನ್ನು ಮತ್ತೆ ರಸ್ತೆಗೆ ತಂದ.

"ನೀ ಹೇಳಿದಾಗ ನೋಡೋಣು. ಈಗ ನನಗ ಹಸಿವಾಗೇದ," ಎಂದ. ರಸ್ತೆ ಬದಿಯ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿ ಇಬ್ಬರೂ ಬಿಸಿ ಮಿರ್ಚಿ ಭಜಿ ತಿಂದರು. ಖಾರಕ್ಕೆ ಅವನು ನೀರು ಕೇಳಿದ. ಅವಳು ಇನ್ನೊಂದು ಪ್ಲೇಟ್ ಹೇಳಿದಳು.