ಒಂದೇ ಸಲ ತಟ್ಟಿದವನು

ಕಡಲಿಗೆ ಇನ್ನೂ ಉಪ್ಪು ಬಿದ್ದಿರದ ಕಾಲದಲ್ಲಿ ಒಂದು ಮನೆ ಇತ್ತಂತೆ. ಆ ಮನೆಗೆ ಒಬ್ಬ ಅತಿಥಿ ಬಂದನಂತೆ. ಬಂದ, ಆದರೆ ಒಳಗೆ ಬರಲಿಲ್ಲ. ಒಳಗೆ ಬರಲಿಲ್ಲ, ಆದರೆ ತಿರುಗಿ ಹೋಗಲೂ ಇಲ್ಲ. ಹಾಗಾದರೆ ಅವನು ಎಲ್ಲಿದ್ದಾನೆ, ಹೇಳು?

ನಮ್ಮಜ್ಜಿ ಥರ್ಜಾ ಈ ಕಥೆಯನ್ನು ಯಾವಾಗಲೂ ಇಷ್ಟಕ್ಕೇ ನಿಲ್ಲಿಸುತ್ತಿದ್ದಳು. ಮಿಕ್ಕ ಕಥೆಗಳಿಗೆಲ್ಲ ಕೊನೆ ಇತ್ತು. ಬೆಸ್ತನನ್ನು ಮದುವೆಯಾದ ಮತ್ಸ್ಯಕನ್ಯೆ ನೀರಿಗೇ ಮರಳುತ್ತಿದ್ದಳು, ಹೆರ್ರಿಂಗ್ ಮೀನುಗಳ ರಾಜನಿಗೆ ಕಳೆದ ಕಿರೀಟ ಸಿಗುತ್ತಿತ್ತು. ಈ ಅತಿಥಿಯ ಕಥೆಗೆ ಮಾತ್ರ ಕೊನೆಯೇ ಇರಲಿಲ್ಲ.

"ಹೊಸ್ತಿಲ ಮೇಲಿದಾನಾ ಅಜ್ಜಿ?"

"ಅಲ್ಲ."

"ಚಿಮಣಿ ಒಳಗೆ?"

"ಅವನೇನು ಕಾಗೆಯೇನೇ, ಚಿಮಣಿಲಿ ಕೂರೋಕೆ? ನಿಂಗೆ ಗೊತ್ತಾಗೋ ದಿನ ಬರುತ್ತೆ ಬ್ರಯೋನಿ. ಸುಮ್ನೆ ಮಲಕ್ಕೋ."

ನಮ್ಮದು ಕೆಟ್ಲ್‌ವಿಕ್‌ನ ಕೊನೆಯ ಮನೆ. ಅದರಾಚೆ ದೋಣಿ ಇಳಿಸುವ ಕಲ್ಲಿನ ಇಳಿಜಾರು, ಆಮೇಲೆ ಬರೀ ಕಡಲು. ಊರಿನಲ್ಲಿ ಯಾರೂ ಅದರ ನಂಬರು ಹೇಳುವುದಿಲ್ಲ; 'ತೆರೆದ ಬಾಗಿಲು' ಎಂದರೆ ಸಾಕು. ಹಡಗು ಒಡೆದು ದಡಕ್ಕೆ ಬಿದ್ದ ನಲವತ್ತೊಂದು ಜನರನ್ನು ನಮ್ಮ ಮನೆಯ ಹೆಂಗಸರು ಒಳಗೆ ಕರೆದು, ಒಲೆಯ ಮುಂದೆ ಕೂರಿಸಿ, ಬದುಕಿಸಿದ್ದಾರೆ. ಮನೆ ತಾಯಿಯಿಂದ ಮಗಳಿಗೆ ಬರುತ್ತದೆ. ನನ್ನಮ್ಮ ಬೇಗ ತೀರಿಕೊಂಡದ್ದರಿಂದ ಅದು ಅಜ್ಜಿಯಿಂದ ನೇರ ನನಗೇ ಬರುವುದಿತ್ತು.

ನಮ್ಮೂರಿನಲ್ಲಿ ಬಾಗಿಲು ತಟ್ಟುವುದಕ್ಕೂ ಒಂದು ರೀತಿ ಇದೆ. ಒಮ್ಮೆ ತಟ್ಟಿ, ಒಂದು ಉಸಿರು ಎಳೆದುಕೊಳ್ಳುವಷ್ಟು ತಡೆದು, ಮತ್ತೊಮ್ಮೆ ತಟ್ಟಬೇಕು. ಮುಳುಗಿ ಸತ್ತವರು ಕಡಲಮಂಜು ಕವಿದಾಗ ಎದ್ದು ಬಂದು ಬಾಗಿಲು ತಟ್ಟುತ್ತಾರೆ, ಆದರೆ ಅವರಿಗೆ ಒಂದೇ ಸಲಕ್ಕೆ ಅಪ್ಪಣೆ, ಎರಡನೆಯದು ಬದುಕಿರುವವರದ್ದು. ಒಂದಕ್ಕೇ ಬಾಗಿಲು ತೆರೆದರೆ ಆ ಮನೆಯ ದೋಣಿ ದಡಕ್ಕೆ ಮರಳುವುದಿಲ್ಲ. ಇದನ್ನೆಲ್ಲ ನಂಬುತ್ತೀರಾ ಎಂದು ಕೇಳಿದರೆ ಈಗ ಎಲ್ಲರೂ ನಗುತ್ತಾರೆ. ಆದರೂ ಪಾರ್ಸೆಲ್ ವ್ಯಾನಿನವನು ಒಮ್ಮೆ ತಟ್ಟಿ ನಿಂತರೆ ನಿಂತೇ ಇರಬೇಕು. ಒಳಗೆ ಟೀ ಕುಡಿಯುತ್ತ ಕೂತವರು ಅಲುಗುವುದಿಲ್ಲ.

ಹೋದ ವರ್ಷ ಮಾರ್ಚಿನಲ್ಲಿ ಹಿಲರಿ ಟೀಚರ್ ಬಂದು, ಎರಡು ಸಲ ತಟ್ಟಿದರು. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿ ನಿವೃತ್ತರಾಗಿ, ಈಗ ಊರಿನ ಇತಿಹಾಸ ಸಂಘವನ್ನು ನಡೆಸುವವರು ಅವರು.

"ನಿಮ್ಮನೆ ಗೋಡೆಗೆ ಹಿತ್ತಾಳೆ ಫಲಕ ಹಾಕಿಸ್ತಿದೀವಿ ಕಣಮ್ಮ. ಜತೆಗೊಂದು ಸಣ್ಣ ಪುಸ್ತಕ. ಮನೆ ಚರಿತ್ರೆ ನೀನೇ ಬರಿ. ಆದ್ರೆ ಇಸವಿಗಳು ಸರಿಯಾಗಿರ್ಲಿ. ನಿನ್ನ ಗಣಿತದ ನೋಟ್‌ಬುಕ್ ನಂಗಿನ್ನೂ ನೆನಪಿದೆ, ಭಾಗಾಕಾರದ ಜಾಗದಲ್ಲೆಲ್ಲ ಮತ್ಸ್ಯಕನ್ಯೇರು!"

ಅಜ್ಜಿಯ ಶ್ವಾಸಕೋಶ ಸೋತಿತ್ತು. ಮಹಡಿ ಹತ್ತಲಾಗದ ಅವಳಿಗೆ ಅಡುಗೆಮನೆಯಲ್ಲೇ, ಒಲೆಯ ಪಕ್ಕ, ಮಂಚ ಹಾಕಿದ್ದೆವು. ನಾನು ಬರೆದ ಮೊದಲ ಸಾಲನ್ನು ಅವಳಿಗೆ ಓದಿ ಹೇಳಿದೆ: "ಈ ಬಾಗಿಲು ತಟ್ಟಿದ ಯಾರನ್ನೂ ಈ ಮನೆ ಎಂದೂ ಹೊರಗೆ ನಿಲ್ಲಿಸಿಲ್ಲ."

"ಹೊಡೆದಾಕು," ಎಂದಳು ಅಜ್ಜಿ.

"ಏನನ್ನ?"

"ಆ ಸಾಲನ್ನ. ಸುಳ್ಳದು." ಉಸಿರಿಗಾಗಿ ಸ್ವಲ್ಪ ಹೊತ್ತು ಕಾದಳು. "ಅತಿಥಿ ಎಲ್ಲಿದಾನೆ ಅಂತ ಕೇಳಿ ಕೇಳಿ ನನ್ನ ತಲೆ ತಿಂತಿದ್ದೆಯಲ್ಲ? ಹಿತ್ತಲಲ್ಲಿರೋ ಬಟ್ಟೆ ಒಗೆಯೋ ಕೋಣೆಲಿದಾನೆ. ಹಿಂದೆ ಹಂಡೆ ಇತ್ತಲ್ಲ, ಅಲ್ಲಿ. ಹಾಸುಗಲ್ಲಿನ ಕೆಳಗೆ."

ನಾನು ನಕ್ಕೆ. ಅಜ್ಜಿ ನಗಲಿಲ್ಲ.

ಸಾವಿರದ ಎಂಟುನೂರ ಮೂವತ್ತೆಂಟರ ನವೆಂಬರ್. ಅಜ್ಜಿಯ ಅಜ್ಜಿಯ ಅಜ್ಜಿ ಕೆಜಾಯಾ ಥೀಕರ್, ಆಗ ಇಪ್ಪತ್ತಾರರವಳು, ಇದೇ ಅಡುಗೆಮನೆಯಲ್ಲಿ ಗಾಳಗಳಿಗೆ ಎರೆಯಾಗಿ ಚುಚ್ಚಲು ಚಿಪ್ಪುಮೀನು ಬಿಡಿಸುತ್ತ ಕೂತಿದ್ದಳು. ಹಾಡುಹಗಲು. ಆದರೆ ಕಿಟಕಿಯಾಚೆ ಹಾಲು ಚೆಲ್ಲಿದಂತೆ ಮಂಜು. ಅವಳ ಗಂಡ ದೋಣಿಯಲ್ಲಿದ್ದ. ಬಾಗಿಲು ತಟ್ಟಿದ ಸದ್ದಾಯಿತು.

ಒಂದು ಸಲ.

ಕೆಜಾಯಾ ಎದ್ದು ಹೋಗಿ ಚಿಲಕದ ಮೇಲೆ ಕೈಯಿಟ್ಟಳು. ಎರಡನೆಯದಕ್ಕಾಗಿ ಕಾದಳು. ತಟ್ಟು, ಇನ್ನೊಮ್ಮೆ ತಟ್ಟು ಎಂದು ಮನಸ್ಸಿನಲ್ಲೇ ಬೇಡಿಕೊಂಡಳಂತೆ. ಮರದಾಚೆ ಏನೋ ಮೆಲ್ಲಗೆ ಕೆಳಗೆ ಜಾರಿದ ಹಾಗಾಯಿತು. ಕಡಲಿನಲ್ಲಿದ್ದ ಗಂಡನ ಮುಖ ಕಣ್ಣಮುಂದೆ ಬಂತು. ಅವಳು ಚಿಲಕ ಬಿಟ್ಟು, ಮತ್ತೆ ಚಿಪ್ಪುಗಳ ಮುಂದೆ ಬಂದು ಕೂತಳು.

ಸಂಜೆ ಮಂಜು ಹರಿದಾಗ ಬಾಗಿಲು ತೆರೆದರೆ, ಕದಕ್ಕೆ ಒರಗಿ ಕೂತಿದ್ದವನು ಒಳಕ್ಕೆ ಬಿದ್ದ. ತಲೆ ಮಾತ್ರ ಹೊಸ್ತಿಲು ದಾಟಿತು. ಒಂದು ಕಾಲಿಗೆ ಬೂಟು, ಇನ್ನೊಂದು ಬರಿಗಾಲು. ಯಾವ ಹಡಗೋ, ಯಾವ ದೇಶವೋ. ಕೆಜಾಯಾ ಅವನ ಕಂಕುಳಿಗೆ ಕೈಹಾಕಿ ನೋಡಿದಳು. ಉಸಿರಿರಲಿಲ್ಲ, ಆದರೆ ಅಲ್ಲಿ ಇನ್ನೂ ಬೆಚ್ಚಗಿತ್ತು.

ಗಂಡ ಮರಳಿ ಬಂದ. ಅವನು ಊರಿನ ಜೀವರಕ್ಷಕ ದೋಣಿಯ ನಾಯಕ. ನಾಯಕನ ಮನೆಯ ಹೊಸ್ತಿಲಲ್ಲೇ ಬದುಕಿದ್ದವನು ಸತ್ತನೆಂದು ತಿಳಿದರೆ ಇನ್ನು ಯಾರು ಅವನ ಹಿಂದೆ ಹುಟ್ಟು ಹಾಕುತ್ತಾರೆ? ಇಬ್ಬರೂ ಸೇರಿ ಹಾಸುಗಲ್ಲು ಎತ್ತಿದರು. ಅಂದಿನಿಂದ ಕೆಜಾಯಾ ಒಂದು ಸಲ ತಟ್ಟಿದವರಿಗೂ, ತಟ್ಟದೆ ನಿಂತವರಿಗೂ, ಗಾಳಿ ಅಲುಗಿಸಿದ್ದಕ್ಕೂ ಬಾಗಿಲು ತೆರೆಯತೊಡಗಿದಳು. ನಲವತ್ತೊಂದು ಜನ ಬದುಕಿದ್ದು ಹಾಗೆ.

"ಸಾಯೋವಾಗ ಮಗಳ ಹತ್ರ ಮಾತು ತಗೊಂಡ್ಲು," ಎಂದಳು ಅಜ್ಜಿ. "'ಮೊದ್ಲು ಅವನನ್ನ ಮುಂಬಾಗಿಲಿಂದ ಒಳಗೆ ಕರಿ. ಆಮೇಲೆ ಚರ್ಚ್ ಅಂಗಳಕ್ಕೆ ಕಳ್ಸು' ಅಂತ. ಮಗಳು ಹೂಂ ಅಂದ್ಲು. ಮಾಡ್ಲಿಲ್ಲ. ತಾನು ಸಾಯೋವಾಗ ತನ್ನ ಮಗಳಿಗೆ ಹೇಳಿದ್ಲು. ಎಲ್ರೂ ಹಂಗೇ. ಪಾತ್ರೆ ಪಗಡಿ ಜತೆ ಇದನ್ನೂ ದಾಟಿಸ್ಕೊಂಡು ಬಂದ್ವಿ."

"ನೀನು?"

"ಅರವತ್ತೆರಡನೇ ಇಸವೀಲಿ ಕಲ್ಲು ಎತ್ತಿದೆ. ಬೂಟು ಕಾಣಿಸ್ತು. ವಾಪಸ್ ಮುಚ್ಚಿ, ಮೇಲೆ ನಿಂತ್ಕೊಂಡು, ಆಗಿನ್ನೂ ಕೂಸಾಗಿದ್ದ ನಿಮ್ಮಮ್ಮನ ಲಂಗೋಟಿ ಒಗೆದೆ." ಅವಳ ಕೈ ನನ್ನ ಮಣಿಕಟ್ಟನ್ನು ಹುಡುಕಿ ಹಿಡಿಯಿತು. "ನಾನು ಸತ್ತ ಮೇಲೆ ಮಾಡು ಅನ್ನಲ್ಲ ಕಣೇ. ಅದೇ ನಾವೆಲ್ಲ ಮಾಡಿದ ತಪ್ಪು. ಈಗ ಮಾಡು. ನಾನು ನೋಡ್ಬೇಕು. ಮಾತು ಕೊಡು."

ಕೊಟ್ಟೆ.

ಮರುದಿನ ನೆಡ್ ಮಾಮನಿಗೆ ಹೇಳಿದೆ. ನನ್ನಮ್ಮನ ತಮ್ಮ, ಏಡಿ ಹಿಡಿಯುವ ದೋಣಿ ಅವನದು. ಬಲೆಬುಟ್ಟಿಯ ಹಗ್ಗ ಬಿಗಿಯುತ್ತಿದ್ದವನು ತಲೆ ಎತ್ತಲಿಲ್ಲ.

"ಅವ್ವಂಗೆ ಜ್ವರ ತಲೆಗೇರಿದೆ."

"ಮಾಮ, ಅಜ್ಜಿ ಬೂಟು ನೋಡಿದಾಳೆ."

"ನೋಡಿರ್ಲಿ. ನೂರೆಂಬತ್ತು ವರ್ಷ ತೆಪ್ಪಗೆ ಮಲಗಿದಾನೆ, ನಿಂಗ್ಯಾಕೆ ಅವನ ನಿದ್ದೆ ಕೆಡಿಸೋ ಹುಚ್ಚು? ಈ ಊರಲ್ಲಿ ನಮ್ಮ ಹತ್ರ ಇನ್ನೇನಿದೆ ಹೇಳು? ಮೀನಿಲ್ಲ, ಏಡಿ ಇಲ್ಲ. ಆ ಒಂದು ಹೆಸರಿದೆ. ಅದನ್ನೂ ಅಗೆದು ಹೊರಗೆ ಹಾಕ್ತೀಯಾ?"

ನಾನು ಪೊಲೀಸರ ನಂಬರು ಬರೆದುಕೊಂಡು ಜೇಬಿನಲ್ಲಿ ಇಟ್ಟುಕೊಂಡೆ. ಅವತ್ತು ಫೋನ್ ಮಾಡಲಿಲ್ಲ. ಫಲಕದ ಸಮಾರಂಭ ಮುಗಿಯಲಿ ಎಂದುಕೊಂಡೆ. ಮರುದಿನ, ವಾರಾಂತ್ಯವಾದರೂ ಕಳೆಯಲಿ ಎಂದುಕೊಂಡೆ. ಪ್ರತಿ ಬೆಳಿಗ್ಗೆ ಅಜ್ಜಿ ಕಣ್ಣು ತೆರೆದೊಡನೆ ಕೇಳುತ್ತಿದ್ದಳು, "ಎತ್ತಿದ್ಯಾ?"

"ನಾಳೆ ಅಜ್ಜಿ."

ಮೂರು ಬೆಳಿಗ್ಗೆ ಕೇಳಿದಳು. ನಾಲ್ಕನೆಯ ಬೆಳಿಗ್ಗೆ ಅವಳು ಕೇಳಲಿಲ್ಲ. ನಾನು ಗಂಜಿಯ ಬಟ್ಟಲು ಹಿಡಿದು ಬಹಳ ಹೊತ್ತು ಮಂಚದ ಪಕ್ಕ ಕಾದು ನಿಂತಿದ್ದೆ, ಕೆಜಾಯಾ ನಿಂತ ಹಾಗೆ.

ಅಜ್ಜಿಯನ್ನು ಮಣ್ಣು ಮಾಡಿ ಬಂದ ದಿನವೇ, ಕಪ್ಪು ಕೋಟು ಬಿಚ್ಚದೆ, ಫೋನ್ ಮಾಡಿದೆ.

ಹಿತ್ತಲಿನಲ್ಲಿ ಪೊಲೀಸರ ಬಿಳಿ ಡೇರೆ ಎದ್ದಿತು. ಮೂರು ದಿನ ಕೈಗವಸಿನವರು ಮಣ್ಣು ಜರಡಿ ಹಿಡಿದರು. ಮೂಳೆಗಳನ್ನು ದೂರದ ಊರಿಗೆ ಒಯ್ದು ಎಂಟು ತಿಂಗಳು ಇಟ್ಟುಕೊಂಡರು. ಗಂಡಸು, ಇಪ್ಪತ್ತೈದರ ಆಸುಪಾಸು, ಬಲಗಾಲಿಗೆ ಬೂಟು. ಬಲ ಮುಂಗೈ ಹಡಗು ಒಡೆದಾಗಲೇ ಮುರಿದಿತ್ತಂತೆ. ಎಡಗೈಯಲ್ಲಿ ತಟ್ಟಿರಬೇಕು. ಹೆಸರು ಸಿಗಲಿಲ್ಲ.

ಪುಸ್ತಕ ನಿಂತುಹೋಯಿತು. ಫಲಕಕ್ಕೆಂದು ಗೋಡೆಯಲ್ಲಿ ಕೊರೆದಿದ್ದ ನಾಲ್ಕು ತೂತುಗಳು ಹಾಗೇ ಉಳಿದವು. ಅಂಗಡಿಯಲ್ಲಿ ನಾನು ಕಾಲಿಟ್ಟರೆ ಮಾತು ನಿಲ್ಲುತ್ತಿತ್ತು. ಒಮ್ಮೆ ಬ್ರೆಡ್ ಕೊಡುತ್ತ ಅಂಗಡಿಯಾಕೆ ಗಟ್ಟಿಯಾಗಿಯೇ ಅಂದಳು: "ನಮ್ಮ ತಾತನ ತಾತ ನಿಮ್ಮನೆ ಗಂಡಸನ್ನ ನಂಬಿ ಹುಟ್ಟು ಹಾಕ್ತಿದ್ದನಂತೆ. ಪಾಪ, ಮಂಕು ಮನುಷ್ಯ." ಮಧ್ಯಾಹ್ನಗಳಲ್ಲಿ ಯಾರೋ ಬಂದು ನಮ್ಮ ಬಾಗಿಲನ್ನು ಒಂದೇ ಒಂದು ಸಲ ತಟ್ಟಿ ಓಡುತ್ತಿದ್ದರು. ಪ್ರತಿ ಸಲ ಹೋಗಿ ತೆರೆಯುತ್ತಿದ್ದೆ. ಮೆಟ್ಟಿಲ ಮೇಲೆ ಒಮ್ಮೆ ಹಳೆಯ ಒಂಟಿ ಬೂಟು ಇತ್ತು. ನೆಡ್ ಮಾಮ ದಾರಿಯಲ್ಲಿ ಎದುರಾದರೆ ಕಡಲಿನ ಕಡೆ ನೋಡುತ್ತಿದ್ದ.

ನವೆಂಬರಿನಲ್ಲಿ ಮೂಳೆಗಳನ್ನು ಹಿಂದಿರುಗಿಸಿದರು. ಪಾದ್ರಿ ಚರ್ಚಿನ ಅಂಗಳದ ಉತ್ತರದ ಮೂಲೆಯಲ್ಲಿ ಜಾಗ ಕೊಟ್ಟರು. ಮಣ್ಣು ಮಾಡುವ ಹಿಂದಿನ ದಿನ ನಾನು ನೆಡ್ ಮಾಮನ ಮನೆಗೆ ಹೋಗಿ ಎರಡು ಸಲ ತಟ್ಟಿದೆ. ಅವನು ಬಾಗಿಲನ್ನು ಒಂದು ಗೇಣಷ್ಟು ತೆರೆದ.

"ಪೆಟ್ಟಿಗೆ ಹೊರೋಕೆ ಇಬ್ರು ಬರ್ತಾರೆ," ಎಂದೆ. "ಆದ್ರೆ ಬಾಗಿಲು ತಟ್ಟೋಕೆ ಒಬ್ರು ಬೇಕು. ಬಾಡಿಗೆಯವರ ಕೈಲಿ ತಟ್ಟಿಸೋಕೆ ಮನಸ್ಸಿಲ್ಲ. ಒಂದೇ ಸಲ ಮಾಮ. ಎಡಗೈಲಿ."

ಅವನು ಬಾಗಿಲು ಮುಚ್ಚಿದ.

ಮರುದಿನ ಬೆಳಿಗ್ಗೆ ಹಿಲರಿ ಟೀಚರ್ ಹಿಂಬಾಗಿಲಿನಿಂದ ಬಂದರು, ಬಟ್ಟೆ ಮುಚ್ಚಿದ ಹಂದಿಮಾಂಸದ ತಟ್ಟೆ ಹಿಡಿದುಕೊಂಡು. "ಹ್ಯಾಮ್ ಬಡಿಸದೆ ಈ ಊರಲ್ಲಿ ಯಾರನ್ನೂ ಮಣ್ಣು ಮಾಡಿಲ್ಲ. ಇವನೊಬ್ಬನಿಗೆ ಯಾಕೆ ಬಿಡ್ಬೇಕು?" ಎಂದು ತಟ್ಟೆಯನ್ನು ಮೇಜಿನ ಮೇಲಿಟ್ಟು, ಕೋಟು ಹಾಕಿಕೊಂಡೇ ಒಂದು ಮೂಲೆಯಲ್ಲಿ ಕೂತರು. ನಾನು ಒಲೆಗೆ ಕಲ್ಲಿದ್ದಲು ಹಾಕಿ, ಅಜ್ಜಿಯ ಮಂಚ ಇದ್ದ ಜಾಗದಲ್ಲಿ ಎರಡು ಕುರ್ಚಿಗಳನ್ನು ಎದುರುಬದುರಾಗಿ ಇಟ್ಟೆ, ಪೆಟ್ಟಿಗೆ ಇರಿಸಲು. ಆಮೇಲೆ ಮುಂಬಾಗಿಲ ಚಿಲಕ ಹಾಕಿ, ಅದರ ಈಚೆ ನಿಂತೆ.

ಹೊರಗೆ ಮಂಜು ಇರಲಿಲ್ಲ. ಇಳಿಜಾರಿನ ಕಲ್ಲುಗಳ ಮೇಲೆ ಭಾರದ ಹೆಜ್ಜೆಗಳು ಕೇಳಿದವು, ನಿಂತವು. ಏಡಿಬುಟ್ಟಿಯ ವಾಸನೆ ಕದದ ಸಂದಿನಿಂದ ಒಳಗೆ ಬಂತು.

ಬಾಗಿಲು ತಟ್ಟಿದ ಸದ್ದಾಯಿತು.

ನನ್ನ ಕೈ ಚಿಲಕದ ಮೇಲಿತ್ತು. ಕೈ ಅಲುಗಲಿಲ್ಲ. ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ: ನನ್ನ ಕಿವಿ ಎರಡನೆಯದಕ್ಕಾಗಿ ಕಾಯುತ್ತಿತ್ತು. ಆರು ತಲೆಮಾರು ನನ್ನ ಬೆನ್ನ ಹಿಂದೆ ಉಸಿರು ಹಿಡಿದು ಕಾಯುತ್ತಿತ್ತು. ಆಚೆ ನೆಡ್ ಮಾಮ ಮೂಗು ಏರಿಸಿದ್ದು ಕೇಳಿಸಿತು. ಅವನು ಇನ್ನೊಮ್ಮೆ ತಟ್ಟಲಿಲ್ಲ.

ಚಿಲಕ ಎಳೆದು ಬಾಗಿಲನ್ನು ಗೋಡೆಗೆ ತಾಗುವಷ್ಟು ತೆರೆದೆ.

"ಬಾಪ್ಪ," ಎಂದೆ. "ಒಳಗೆ ಬಾ. ಒಲೆ ಹತ್ತಿದೆ."

ಅವರು ಅವನನ್ನು ಹೊಸ್ತಿಲು ದಾಟಿಸಿದರು.