ಸಂಗುವಿನ ಕೆಂಪು ಗಾಡಿಗೆ ಟಯರು

ಸಿಂದಗಿಯ ವಿಜಯಪುರ ರಸ್ತೆಯಲ್ಲಿ ಜೈನುದ್ದೀನನ ಟಯರ್ ಅಂಗಡಿ ಇದೆ. ಕಬ್ಬಿನ ಟ್ರ್ಯಾಕ್ಟರು, ಟಂಟಂ ಆಟೋ, ಜೀಪು, ಎಲ್ಲಕ್ಕೂ ಮೂವತ್ತು ವರ್ಷದಿಂದ ಟಯರು ಹಾಕುತ್ತ ಬಂದವನು. ಜುಲೈ ತಿಂಗಳ ಒಂದು ಬೆಳಿಗ್ಗೆ ಸುವರ್ಣಾ ಅಂಗಡಿಯ ಕಟ್ಟೆ ಹತ್ತಿದಾಗ ಅವನು ಕೂತಲ್ಲಿಂದ ಗಡಬಡಿಸಿ ಎದ್ದ. ಅವಳು ದಿನವೂ ಅದೇ ರಸ್ತೆಯಲ್ಲಿ ಶಾಲೆಗೆ ಪಾಠ ಹೇಳಲು ಹೋಗುತ್ತಿದ್ದಳು. ಗಂಡ ತೀರಿದ ಮೇಲಿನ ಎರಡು ವರ್ಷದಲ್ಲಿ ಇತ್ತ ಒಮ್ಮೆಯೂ ಹೊರಳಿ ನೋಡಿರಲಿಲ್ಲ.

"ಕಾಕಾ, ಗಾಡಿ ಮಾರಾಕತ್ತೇನಿ. ಸೊಲ್ಲಾಪುರದವರು ತಗೋತಾರ, ಓಡಿಸ್ಕೊಂಡೇ ಹೋಗ್ತಾರಂತ. ಅದಕ್ಕ ಟಯರ್ ಹಾಕಿ ಕೊಡ್ರಿ," ಅಂದಳು.

ಜೈನುದ್ದೀನ ಕೈಯ ಮಸಿ ಒರೆಸಿಕೊಂಡ. "ನಾನ ಹಾಕ್ಲೇನ್ರಿ ಅಕ್ಕಾರ?"

"ಆ ಗಾಡಿ ಗೊತ್ತಿರಾವರು ಈ ಊರಾಗ ನೀವೊಬ್ರೇ."

ಅದು ನಿಜ. ಅವಳ ಗಂಡ ಸಂಗು ಐ.ಟಿ.ಐ.ನಲ್ಲಿ ಲೇಥ್ ಕಲಿಸುತ್ತಿದ್ದ. ಸೊಲ್ಲಾಪುರದ ಯಾರದೋ ಗೋದಾಮಿನಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಎಂ.ಜಿ. ಎಂಬ ಹಳೆಯ ಇಂಗ್ಲಿಷ್ ಕಾರನ್ನು ಲಾರಿಯಲ್ಲಿ ಹೇರಿಕೊಂಡು ತಂದಿದ್ದ. ಎರಡೇ ಸೀಟು, ತೆಗೆದಿಡಬಹುದಾದ ಬಟ್ಟೆಯ ಚಾವಣಿ, ಸೈಕಲ್ಲಿನ ಹಾಗೆ ಕಡ್ಡಿಗಳ ಚಕ್ರ. ನಾಲ್ಕು ವರ್ಷ ಅದರ ಹಿಂದೆ ಬಿದ್ದು, ಸಿಗದ ಭಾಗಗಳನ್ನು ತಾನೇ ಕಡೆದು, ಕೆಂಪು ಬಣ್ಣ ಹೊಡೆಸಿ ಓಡುವಂತೆ ಮಾಡಿದ. ಕೊನೆಗೆ ಉಳಿದದ್ದು ಟಯರು. ಅದನ್ನು ತಾನೇ ಬೇರೆ ಕಡೆಯಿಂದ ತರಿಸಿ, ಹಾಕಿಸಿಕೊಳ್ಳಲು ಇದೇ ಅಂಗಡಿಗೆ ಬಂದಿದ್ದ. ಹನ್ನೊಂದು ದಿನಕ್ಕೆ, ಕೊಲ್ಹಾರದ ಸೇತುವೆಗೆ ಇನ್ನೂ ಎರಡು ಕಿಲೋಮೀಟರು ಇರುವಾಗ, ಎಡಗಡೆಯ ಹಿಂದಿನ ಟಯರು ಒಡೆದು ಗಾಡಿ ಬೇವಿನ ಮರಕ್ಕೆ ಬಡಿಯಿತು. ಆ ದಿನ ಅವನ ಪಕ್ಕದಲ್ಲಿ ಸುವರ್ಣಾಳೂ ಇರಬೇಕಿತ್ತು. ಶಾಲೆಯಲ್ಲಿ ಪರೀಕ್ಷೆ ಇದ್ದುದರಿಂದ ಉಳಿದಿದ್ದಳು.

ಸಂಗುವನ್ನು ಮಣ್ಣು ಮಾಡಿದ ದಿನ ಜೈನುದ್ದೀನ ಎಲ್ಲರೆದುರು ಹೇಳಿದ್ದ: "ಹಳೇ ಟಯರ್ ಬ್ಯಾಡ್ರಿ ಮಾಸ್ತರ ಅಂತ ಕೈ ಮುಗದು ಹೇಳಿದೆ. ಕೇಳ್ಲಿಲ್ಲ." ಸಂಗುವಿನ ತಾಯಿ ಚಂದವ್ವ ಅದನ್ನು ಕೇಳಿ, ಹೆಣದ ಎದುರೇ ಎದೆ ಬಡಿದುಕೊಂಡು ಮಗನಿಗೆ ಹಟಮಾರಿ, ಹಟಮಾರಿ ಎಂದು ಬೈದಿದ್ದಳು.

ಈಗ ಸುವರ್ಣಾ ಕಬ್ಬಿಣದ ಕುರ್ಚಿಯ ಮೇಲೆ ಕೂತು, ಚೀಲದಿಂದ ಒಂದು ಚೀಟಿ ತೆಗೆದಳು. "ಅಗಲ ಟಯರ್ ಹಾಕಿಸ್ರಿ, ಚಂದ ಕಾಣ್ತಾವ ಅಂತ ತಗೊಳ್ಳಾವರು ಬರದು ಕೊಟ್ಟಾರ."

ಅವನು ಚೀಟಿ ಓದಿ ಮರಳಿ ಕೊಟ್ಟ. "ಅಗಲ ಬ್ಯಾಡ್ರಿ. ಸ್ಟೇರಿಂಗ್ ಕಲ್ಲಿನಂಗ ಆಕ್ಕೈತಿ. ತಿರುವಿನ್ಯಾಗ ಟಯರ್ ಮಡಗಾರ್ಡಿಗೆ ತಿಕ್ತೈತಿ. ಆ ಗಾಡಿ ಹಗುರ, ಅದರ ಚಕ್ರ ಸಣ್ಣವು. ನೂರಾ ಅರವತ್ತೈದು ಎಂ.ಎಂ. ಅಗಲ, ಹದಿನಾಲ್ಕ ಇಂಚು, ಬಾಜೂಕಿನ ಗೋಡಿ ಎತ್ತರ ಇರೂ ರೇಡಿಯಲ್ ಟಯರ್ ಬೇಕು."

"ಅದು ಎಲ್ಲಿ ಸಿಗ್ತೈತಿ?"

"ಇಲ್ಲೇ ಸಿಗ್ತೈತ್ರಿ. ಸಣ್ಣ ಟ್ಯಾಕ್ಸಿ ಕಾರಿಗೆ ಹಾಕ್ತಾರಲ್ಲ, ಅದ ಅಳತಿ."

ಸುವರ್ಣಾ ಅವನನ್ನೇ ನೋಡಿದಳು. "ಎರಡ ವರ್ಷದ ಹಿಂದೂ ಇಲ್ಲೇ ಸಿಗ್ತಿತ್ತೇನು?"

"ಹೌದ್ರಿ," ಅಂದ ಜೈನುದ್ದೀನ, ನೆಲ ನೋಡುತ್ತ.

ಅವಳು ಚೀಟಿಯನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು.

ನಾಲ್ಕು ದಿನದಲ್ಲಿ ಟಯರು ಬಂದವು. ಸ್ಟೆಪ್ನಿ ಸೇರಿ ಐದೂ ಒಂದೇ ತಿಂಗಳಲ್ಲಿ ತಯಾರಾದಂಥವನ್ನೇ ಕಳಿಸಬೇಕೆಂದು ವಿಜಯಪುರದ ಸಗಟು ವ್ಯಾಪಾರಿಗೆ ಮೂರು ಸಲ ಫೋನು ಮಾಡಿದ್ದ. ಕಡ್ಡಿ ಚಕ್ರದಲ್ಲಿ ಗಾಳಿ ನಿಲ್ಲುವುದಿಲ್ಲ, ಒಳಗೆ ಟ್ಯೂಬು ಬೇಕೇ ಬೇಕು. ಟಯರಿನೊಳಗೆ ಅಂಟಿಸಿದ ಚೀಟಿಯಿದ್ದರೂ ಸಾಕು, ಟ್ಯೂಬು ಉಜ್ಜಿ ಸವೆಯುತ್ತದೆ. ಅದಕ್ಕೇ ಒಂದೊಂದು ಟಯರಿನ ಒಳಮೈಯನ್ನೂ ಬೆರಳಿನಿಂದ ತಡವಿ ನೋಡಿದ. ಚಕ್ರದ ಕಡ್ಡಿಗಳ ತುದಿ ಚುಚ್ಚದಂತೆ ಸುತ್ತ ರಬ್ಬರ್ ಪಟ್ಟಿ ಎಳೆದ. ಸಂಗುವಿನ ಮನೆಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಅಪಘಾತದ ಮೇಲೆ ವಿಜಯಪುರದಲ್ಲಿ ರಿಪೇರಿಯಾಗಿ ಬಂದು ಇಟ್ಟಂಗಿಗಳ ಮೇಲೆ ನಿಂತಿದ್ದ ಗಾಡಿಗೆ ಒಬ್ಬನೇ ಮಧ್ಯಾಹ್ನದವರೆಗೆ ಕೂತು ಟಯರು ಹಾಕಿದ. ಸುವರ್ಣಾ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

ಮುಗಿದ ಮೇಲೆ ಅವನು, "ಒಂದ ಹದಿನೈದ ಕಿಲೋಮೀಟರ್ ಓಡಿಸಿ ನೋಡಬೇಕ್ರಿ. ಗಾಲಿ ನಡುಗ್ತಾವೇನ, ಎಲ್ಲ್ಯರ ತಿಕ್ಕತೈತೇನ, ಕೇಳಬೇಕು," ಅಂದ.

"ನಾ ಓಡಿಸ್ತೇನಿ. ಅವರ ಕಲಿಸ್ಯಾರ ನನಗ. ನೀವು ಬಾಜೂಕ ಕೂಡ್ರಿ."

ಮೊರಟಗಿ ರಸ್ತೆ ಹಿಡಿದರು. ಎರಡೂ ಕಡೆ ಕಪ್ಪು ಹೊಲ, ಆಗಷ್ಟೇ ಎದ್ದ ತೊಗರಿ. ಮೋಡ ಕವಿದಿತ್ತು, ಮಳೆ ಇರಲಿಲ್ಲ. ಗಾಡಿ ನೇರವಾಗಿ, ಸಲೀಸಾಗಿ ಹೋಯಿತು. ಎಲ್ಲೂ ನಡುಗಲಿಲ್ಲ, ತಿಕ್ಕಲಿಲ್ಲ. ಅದು ಅಷ್ಟು ಚೆನ್ನಾಗಿ ಓಡಿದ್ದನ್ನೇ ಜೈನುದ್ದೀನನಿಗೆ ತಡೆಯಲಾಗಲಿಲ್ಲ. ಇಂಥವೇ ಟಯರು ಅಂದೇ ಹಾಕಬಹುದಿತ್ತು.

"ಅವತ್ತ ಖರೇನ ಕೈ ಮುಗದಿದ್ರೇನ್ ಕಾಕಾ?" ರಸ್ತೆಯಿಂದ ಕಣ್ಣು ತೆಗೆಯದೆ ಸುವರ್ಣಾ ಕೇಳಿದಳು.

ಒಂದು ಬಸ್ಸು ಎದುರಿನಿಂದ ಬಂದು ದಾಟಿ ಹೋಯಿತು.

"ಇಲ್ರಿ," ಅಂದ. "ಮಾಸ್ತರ ಪುಣೇದಿಂದ ತರಿಸಿದ ಟಯರ್ ಕಾಗದ ಸುತ್ತಿದ್ದವು. ಒಂದ ದಿನ ಸೈತ ಓಡಿರಲಿಲ್ಲ. ಫೋಟೋದಾಗಿನ ಹಳೇ ಗಾಡೀಗೆ ಇದ್ದಂಥಾದ್ದ ನಕ್ಷಿ. ಬಾಳ ಖುಷಿಯಾಗಿದ್ರು. ಟಯರ್ ಹುಟ್ಟಿದ ತಾರೀಖು ಬಾಜೂಕ ಇರ್ತೈತ್ರಿ, ನಾಲ್ಕ ಅಂಕಿ. ನಾ ನೋಡಿದೆ. ಹದಿಮೂರ ವರ್ಷದ್ದು. ಓಡದಿದ್ರೂ ರಬ್ಬರಿಗೆ ವಯಸ್ಸಾಗೇ ಆಗ್ತೈತಿ. 'ಮಾಸ್ತರ, ಇವು ಹಳೇವು ಅದಾವಲ್ರಿ' ಅಂದೆ. ಒಂದ ಸಲ. 'ಕಾಕಾ, ಇವು ನನ್ನಕಿಂತ ಚಂದ ಅದಾವ' ಅಂತ ನಕ್ರು. ನಾನೂ ನಕ್ಕೆ."

"ಅಷ್ಟೇನ?"

"ಎರಡ ಟಯರಿನ ಗೋಡೀಗೆ ಸಣ್ಣ ಸಣ್ಣ ಬಿರುಕು ಇದ್ವು. ಕರೇ ಪಾಲಿಶ್ ಹಚ್ಚಿದೆ. ಚಂದ ಕಾಣ್ಲಿ ಅಂತ ಹಚ್ಚಿದೆ ಅಕ್ಕಾರ. ಮುಚ್ಚಿಡಾಕ ಅಲ್ಲ. ಆದ್ರ ಬಿರುಕು ಮುಚ್ಚಿ ಹೋದ್ವು."

ಸುವರ್ಣಾ ನಿಧಾನವಾಗಿ ಗಾಡಿಯನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದಳು. ಕೈಗಳು ಸ್ಟೇರಿಂಗಿನ ಮೇಲೇ ಇದ್ದವು.

"ಇಳೀರಿ," ಅಂದಳು.

ಅವನು ಇಳಿದ. ಅವಳು ಗಾಡಿ ಹೊರಳಿಸಿಕೊಂಡು ಸಿಂದಗಿಯ ಕಡೆ ಹೋದಳು. ಮೊಣಕಾಲು ನೋವಿನ ಜೈನುದ್ದೀನ ಏಳು ಕಿಲೋಮೀಟರು ನಡೆದ. ಪರಿಚಯದ ಟಂಟಂನವನು ನಿಲ್ಲಿಸಿ ಕರೆದರೂ ಹತ್ತಲಿಲ್ಲ.

ಶುಕ್ರವಾರ ಸೊಲ್ಲಾಪುರದವರು ಬಂದು ಗಾಡಿ ಒಯ್ದರು. ಟಯರು ಅಗಲವಿಲ್ಲ ಎಂದು ಕೊಂಚ ಗೊಣಗಿದರಂತೆ. ಮರುದಿನ ಸುವರ್ಣಾ ಅಂಗಡಿಗೆ ಬಂದಳು. ಈ ಸಲ ಕೂಡಲಿಲ್ಲ.

"ನಮ್ಮತ್ತಿ ಅಗರಖೇಡದಾಗ ಮಗಳ ಮನ್ಯಾಗ ಅದಾರ. ದಿನಾ ಮುಂಜಾನೆದ್ದು ಮಗನ ಫೋಟೋಕ್ಕ ಬೈತಾರ, ಮಾತ ಕೇಳಲಿಲ್ಲ ನೀ ಅಂತ. ನೀವ ಹೋಗಿ ಹೇಳ್ರಿ. ನನಗ ಹೇಳಿದಂಗ ಹೇಳ್ರಿ."

"ನನ್ನ ಮ್ಯಾಲ ಸಿಟ್ಟು..." ಎಂದು ಅವನು ಶುರು ಮಾಡಿದ.

"ಆ ಸಿಟ್ಟು ನನಗಿರ್ಲಿ," ಎಂದು ಅವಳು ಹೊರಟುಹೋದಳು.

ರವಿವಾರ ಜೈನುದ್ದೀನ ಇಂಡಿಗೆ ಹೋಗಿ, ಅಲ್ಲಿಂದ ಬೇರೆ ಬಸ್ಸು ಹಿಡಿದು ಅಗರಖೇಡಕ್ಕೆ ಹೋದ. ಚಂದವ್ವ ಅಂಗಳದಲ್ಲಿ ಮೊರದ ತುಂಬ ಜೋಳ ಇಟ್ಟುಕೊಂಡು ಕಲ್ಲು ಆರಿಸುತ್ತಿದ್ದಳು. ಅವನ ಗುರುತು ಹತ್ತಲು ಸ್ವಲ್ಪ ಹೊತ್ತಾಯಿತು. ಅವನು ನೆಲದ ಮೇಲೆ ಕೂತು ಎಲ್ಲವನ್ನೂ ಹೇಳಿದ: ನಾಲ್ಕು ಅಂಕಿ, ಒಂದೇ ಸಲ ಅಂದ ಮಾತು, ಪಾಲಿಶ್, ಕೊನೆಗೆ ಮಣ್ಣಿನ ದಿನ ಹೇಳಿದ ಸುಳ್ಳು.

ಚಂದವ್ವನ ಕೈ ನಿಂತಿತು. ಅವಳು ಬೈಯಲಿಲ್ಲ. ಬೈಯಲಿ ಎಂದೇ ಅವನು ತಲೆ ತಗ್ಗಿಸಿ ಕಾದ.

"ಎರಡ ವರ್ಷ ಬೈದೇನಲ್ಲೋ ಅವಗ," ಅಂದಳು ಕೊನೆಗೆ. "ಆ ಬೈಗಳ ಈಗ ಹೆಂಗ ವಾಪಸ್ ತಗೊಳ್ಳಲಿ? ಯಾರ ಮುಂದ ತಗೊಳ್ಳಲಿ?"

ಒಳಗಿನಿಂದ ಮಗಳು ಯಾರವರು ಎಂದು ಕೇಳಿದಳು. ಚಂದವ್ವ ಯಾರೂ ಇಲ್ಲ ಎಂದಳು. ಆಮೇಲೆ ಮೊರವನ್ನು ಪಕ್ಕಕ್ಕೆ ಸರಿಸಿ ಕೇಳಿದಳು:

"ಅವತ್ತ ಅವ ನಕ್ಕ ಅಂದ್ಯಲ್ಲ. ಹೆಂಗ ನಕ್ಕ?"

"ಬಾಯಿ ತುಂಬ ನಕ್ರಬೇ. ಟಯರ್ ತಬ್ಬಿಕೊಂಡ ನಿಂತಿದ್ರು. ಅಂಗಿಗೆಲ್ಲ ಕರೇ ಹತ್ತಿತ್ತು. ನಿಮ್ಮ ಸೊಸಿ ಬೈತಾರ ಅಂದೆ. ಅಕಿನ್ನ ಮದಲ ಸಲ ಎಲ್ಲಿಗೆ ಕರ್ಕೊಂಡ ಹೋಗ್ಲಿ ಹೇಳ ಕಾಕಾ ಅಂತ ನನ್ನ ಕೇಳಿದ್ರು."

"ಇನ್ನೇನಂದ?"

ಅವನು ನೆನಪಿದ್ದಷ್ಟನ್ನೂ ಹೇಳಿದ. ಚಂದವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೇಳಿದಳು. ಮುಗಿದ ಮೇಲೆ ಎದ್ದು ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಜೈನುದ್ದೀನ ಇನ್ನೂ ಸ್ವಲ್ಪ ಹೊತ್ತು ಅಂಗಳದಲ್ಲೇ ಕೂತಿದ್ದು, ಆಮೇಲೆ ಬಸ್ಸಿನ ಹಾದಿ ಹಿಡಿದ.